ಕಣ್ಣಲ್ಲಿ ಉಳಿದ ಮುನಿರಾಜು

ಜಾಲಹಳ್ಳಿ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿದವರೊಬ್ಬರು ನನ್ನ ಪಕ್ಕದ ಕಂಬ ಹಿಡಿದು ನಿಂತರು. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ಆದರೂ ಆ ವಾಸನೆ ಬಂತು. ಕೂಲಂಟ್ ವಾಸನೆ. ಮಷೀನಿನಲ್ಲಿ ಕಬ್ಬಿಣ ಕಾಯದಿರಲೆಂದು ಮೇಲಿನಿಂದ ಸುರಿಸುತ್ತಾರಲ್ಲ, ಹಾಲಿನ ಬಣ್ಣದ ನೀರು, ಅದು ಮಳೆಗಾಲದಲ್ಲಿ ಹಳಸಿ, ಹುಳಿ ಮಜ್ಜಿಗೆಗೆ ಸೀಮೆಎಣ್ಣೆ ಬೆರೆಸಿದ ಹಾಗೆ ನಾರುತ್ತದೆ. ಒಮ್ಮೆ ಚರ್ಮಕ್ಕೆ ಇಳಿಯಿತೆಂದರೆ ಯಾವ ಸೋಪಿಗೂ ಜಗ್ಗುವುದಿಲ್ಲ. ಎದುರಿಗಿದ್ದ ಹುಡುಗಿ ಮೂಗಿಗೆ ದುಪಟ್ಟಾ ಒತ್ತಿಕೊಂಡು ಆಚೆ ಸರಿದಳು. ನಾನು ಒಂದು ಹೆಜ್ಜೆ ಹತ್ತಿರ ಹೋಗಿ ನಿಂತೆ. ಆ ಮನುಷ್ಯ ನನ್ನ ಮುಖ ನೋಡಿದರು, ಬಲಗಣ್ಣು ನೋಡಿದರು, ತಕ್ಷಣ ಕಿಟಕಿಯ ಕಡೆ ತಿರುಗಿದರು. ಎಲ್ಲರೂ ಹಾಗೇ ಮಾಡುತ್ತಾರೆ. ನನಗೆ ಒಂದು ಆಷಾಢ ನೆನಪಾಯಿತು. ಮಾಕಳಿಯ ನಮ್ಮ ಮನೆಯ ಹಿಂದಿನ ಕೋಣೆ, ಬಿಡದೆ ಹಿಡಿದ ಜಿಟಿಜಿಟಿ ಮಳೆ, ಮತ್ತೆ ಮುನಿರಾಜು.

ನಾವು ಮಾಕಳಿಯ ಹಳಬರು. ನಮ್ಮಪ್ಪ ಹುರುಳಿ ಬಿತ್ತಿದ ಜಾಗದಲ್ಲಿ ಈಗ ತಗಡಿನ ಶೆಡ್ಡುಗಳು ನಿಂತಿವೆ. ನನ್ನ ಓದು ಏಳನೇ ಕ್ಲಾಸಿಗೆ ಮುಗಿಯಿತು. ಅದಕ್ಕೆ ನಾನು ಯಾವತ್ತೂ ತಲೆ ತಗ್ಗಿಸಿದವನಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ಕಸ ಗುಡಿಸುವುದರಿಂದ ಶುರುಮಾಡಿ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತೆ. ತಲೆಕೂದಲಿಗಿಂತ ತೆಳ್ಳಗೆ ಉಕ್ಕನ್ನು ಸವರಿ ತೆಗೆಯುವ ಕೆಲಸ ಅದು. ತಿರುಗುವ ಕಲ್ಲನ್ನು ನಾವು ವೀಲ್ ಅನ್ನುತ್ತೇವೆ. ವೀಲು ಕಬ್ಬಿಣವನ್ನು ಮುಟ್ಟುವ ಗಳಿಗೆಯನ್ನು ಕಣ್ಣಿನಲ್ಲೇ ಹಿಡಿಯಬೇಕು. ನಾನು ಉಸಿರು ಕಟ್ಟಿ, ಬಲಗಣ್ಣನ್ನು ಆ ಸಂದಿಗೆ ತಂದು ನೋಡುತ್ತಿದ್ದೆ. ನಾನು ಮುಗಿಸಿದ ಕೆಲಸ ವಾಪಸು ಬಂದಿದ್ದಿಲ್ಲ. ಓನರ್ ಹೊಸ ಗಿರಾಕಿಗಳನ್ನು ಕರೆತಂದರೆ ಮೊದಲು ನನ್ನ ಮಷೀನಿನ ಹತ್ತಿರವೇ ನಿಲ್ಲಿಸುತ್ತಿದ್ದರು.

ಮುನಿರಾಜು ಪಕ್ಕದ ಲೇತಿನವನು. ಊರು ನಾಗಸಂದ್ರ. ಇಬ್ಬರೂ ಮೀಸೆ ಮೂಡುವ ವಯಸ್ಸಿಗೆ ಶೆಡ್ಡು ಸೇರಿದವರು, ಇಬ್ಬರ ಮೀಸೆಯೂ ಅಲ್ಲೇ ನರೆತದ್ದು. ಅವನ ಲೇತಿನ ಟೂಲುಗಳನ್ನು ನಾನೇ ಸಾಣೆ ಹಿಡಿದು ಕೊಡಬೇಕು. ಬೇರೆಯವರು ಹಿಡಿದದ್ದು ಅವನಿಗೆ ಆಗಿಬರುತ್ತಿರಲಿಲ್ಲ. ನನ್ನ ಕಣ್ಣಿಗೆ ಕಬ್ಬಿಣದ ಚೂರು ಬಿದ್ದರೆ ಅವನೇ ತೆಗೆಯಬೇಕು. ಪೀಣ್ಯದ ಪ್ರತಿ ಶೆಡ್ಡಿನಲ್ಲೂ ಅಂಥವನೊಬ್ಬ ಇರುತ್ತಾನೆ. ಬೆಂಕಿಕಡ್ಡಿಯ ತುದಿಯನ್ನು ಬ್ಲೇಡಿನಲ್ಲಿ ಹೆರೆದು, ಅದಕ್ಕೆ ಎಳೆ ಹತ್ತಿ ಸುತ್ತಿ, ರೆಪ್ಪೆ ಎತ್ತಿ ಹಿಡಿದು, ಒಂದೇ ಸಲಕ್ಕೆ ಚೂರನ್ನು ಎಬ್ಬಿಸುತ್ತಾನೆ. ಆಮೇಲೆ ಎಲ್ಲರೂ ಟೀ ಕುಡಿದು ಮಷೀನಿಗೆ ಹೋಗುತ್ತಾರೆ. ಒಂದು ಚೂರಿಗಾಗಿ ಆಸ್ಪತ್ರೆಗೆ ಹೋಗಿ ಅರ್ಧ ದಿನ ಕಳೆಯುವವನನ್ನು ಕಂಡರೆ ನಮಗೆ ನಗು. ಅಕ್ಕಪಕ್ಕದ ಶೆಡ್ಡಿನವರೂ ಒಂದು ಕಣ್ಣು ಮುಚ್ಚಿಕೊಂಡು ಮುನಿರಾಜುವನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಕೈ ಅಲ್ಲಾಡಿದ್ದನ್ನು ಕಂಡವರಿಲ್ಲ.

ಆವತ್ತು ಮಳೆ ಹಿಡಿದು ಶೆಡ್ಡಿನೊಳಗೆಲ್ಲ ಆವಿ. ಮುನಿರಾಜುವಿನ ಟೂಲನ್ನು ಸಾಣೆ ಹಿಡಿಯುತ್ತಿದ್ದೆ. ಕನ್ನಡಕದ ಗಾಜು ಮಂಜಾಗಿ ಏನೂ ಕಾಣದೆ ಅದನ್ನು ಹಣೆಗೆ ಸರಿಸಿದೆ. ಚುರ್ರೆಂದು ಬಲಗಣ್ಣಿಗೆ ಬಡಿಯಿತು. ಯಾವತ್ತಿನ ಹಾಗೆ ಬಾಗಿಲ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕೂತೆ, ಯಾವತ್ತಿನ ಹಾಗೆ ಅವನು ಕಡ್ಡಿ ಹೆರೆದ.

"ಅಲ್ಲಾಡಬೇಡ ಗುರು. ಮೇಲೆ ನೋಡು. ಅತ್ತಿಗೆನ ನೆನಸ್ಕೊ."

"ಅವಳನ್ನ ನೆನಸ್ಕೊಂಡ್ರೆ ಕಣ್ಣು ತಾನಾಗೇ ಮುಚ್ಕೊಳತ್ತೆ ಕಣೋ," ಅಂದೆ. ಸುತ್ತ ನಿಂತವರು ನಕ್ಕರು. ನಗು ಮುಗಿಯುವುದರೊಳಗೆ ಚೂರು ಅವನ ಉಗುರಿನ ಮೇಲಿತ್ತು. ಟೀ ಬಂತು.

ಮಾರನೆಯ ದಿನ ಕಣ್ಣು ಕೆಂಪಾಯಿತು. ಕೆಲಸಕ್ಕೆ ಹೋದೆ. ಅದರ ಮಾರನೆಯ ದಿನವೂ ಹೋದೆ. ಆಮೇಲೆ ಬಾಗಿಲು ತೆಗೆದರೆ ಸಾಕು, ಬೆಳಕು ಮೊಳೆ ಹೊಡೆದ ಹಾಗೆ ಒಳಗೆ ಇಳಿಯತೊಡಗಿತು. ಹೆಂಡತಿ ಜಯಾ ಕೈ ಹಿಡಿದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಡಾಕ್ಟರಮ್ಮ ತುಂಬಾ ಹೊತ್ತು ನೋಡಿದರು. ಚೂರು ಪೂರ್ತಿ ಬಂದಿದೆ, ಆದರೆ ಅದರ ತುಕ್ಕು ಉಳಿದಿದೆ, ಅಲ್ಲಿ ಸೋಂಕು ಹತ್ತಿ ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ ಅಂದರು. ಯಾವುದರಲ್ಲಿ ತೆಗೆದದ್ದು ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ತೆಗೆದವರ ಹೆಸರು ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಗಂಟೆಗಂಟೆಗೂ ಔಷಧಿಯ ಹನಿ, ಧೂಳು ಕೂಡದು, ಬಿಸಿಲು ಕೂಡದು, ಮಷೀನಿನ ಮಾತೇ ಬೇಡ. ದೃಷ್ಟಿ ಬರುತ್ತದೆಯೇ ಎಂದದ್ದಕ್ಕೆ, ಮೊದಲು ಗಾಯ ಮಾಯಲಿ ಎಂದರು. ಆ ಕಣ್ಣು ಹೋದರೆ ನನ್ನ ಮಷೀನು ಹೋಯಿತು ಅನ್ನುವುದು ಜಯಾಗೂ ಗೊತ್ತಿತ್ತು.

ಹೀಗೆ, ಎಚ್ಚರವಿದ್ದಾಗ ಸುಮ್ಮನೆ ಕೂತು ಗೊತ್ತಿಲ್ಲದ ನಾನು ಮನೆಯಲ್ಲಿ ಕೂತೆ. ಬೆಳಗಾದರೆ ಜಯಾ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದಳು. ಹಿಂದಿನ ಕೋಣೆಯ ಕಿಟಕಿಗೆ ಹಳೆಯ ಸೀರೆ ಇಳಿಬಿಟ್ಟು, ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹಂಚಿನ ಮೇಲಿನ ಮಳೆ ಕೇಳುತ್ತಾ ಇರುತ್ತಿದ್ದೆ. ಹೆಂಡತಿ ದುಡಿಯಲು ಹೋಗಿ ಗಂಡಸು ಚಾಪೆಯ ಮೇಲಿರುವುದನ್ನು ಬೀದಿಯವರು ನೋಡಬಾರದೆಂದು ಮುಂಬಾಗಿಲು ಹಾಕಿಯೇ ಇಡುತ್ತಿದ್ದೆ.

ಫೋಟೊದ ಹುಚ್ಚು ಹಿಡಿದದ್ದು ಒಂದು ಹನಿ ನೀರಿನಿಂದ. ಹಿತ್ತಲಿನ ಕಟ್ಟೆಯ ಮೇಲೆ ಇಟ್ಟಿದ್ದ ಫೋನಿನ ಕ್ಯಾಮೆರಾ ಗಾಜಿನ ಮೇಲೆ ಸೂರಿನ ಹನಿಯೊಂದು ಬಿದ್ದು ನಿಂತಿತ್ತು. ಎತ್ತಿಕೊಳ್ಳುವಾಗ ಬೆರಳು ತಾಗಿ ಕ್ಯಾಮೆರಾ ಆನ್ ಆಯಿತು. ಪರದೆಯ ತುಂಬಾ ಏನೋ ಒಂದು ಪ್ರಾಣಿ ಹೊರಳಾಡುತ್ತಿತ್ತು. ಕೆಂಪು ಮೈ, ಗರಗಸದಂಥ ಬಾಯಿ. ಕಟ್ಟೆಯ ಮೇಲೆ ನೋಡಿದರೆ ಇರುವೆ, ಮಳೆಗೆ ಸಿಕ್ಕಿ ಸಾಯುತ್ತಿತ್ತು. ಗಾಜಿನ ಮೇಲಿನ ಹನಿ ಅದನ್ನು ಅಷ್ಟು ದೊಡ್ಡದು ಮಾಡಿತ್ತು. ನಾನು ಇರುವೆಯನ್ನು ಬಹಳ ಹೊತ್ತು ನೋಡಿದೆ. ಅದು ಹೊರಳುವುದು ನಿಂತ ಮೇಲೂ ನೋಡಿದೆ.

ಅಲ್ಲಿಂದ ದಿನವೂ ಅದೇ ಕೆಲಸವಾಯಿತು. ಅಷ್ಟು ಹತ್ತಿರ ಹೋದರೆ ಉಸಿರಾಡಿದರೂ ಚಿತ್ರ ಕದಡುತ್ತದೆ. ಕೈಯಲ್ಲಿ ಹಿಡಿದು ಆಗುವ ಕೆಲಸವಲ್ಲ ಎಂದು ಮನೆಯಲ್ಲಿದ್ದ ಹಳೆಯ ಕಬ್ಬಿಣದ ದಿಮ್ಮಿಗೆ ಒಂದು ಉದ್ದನೆಯ ಸ್ಕ್ರೂ ಕೂರಿಸಿ ಸ್ಟ್ಯಾಂಡ್ ಮಾಡಿದೆ. ಸ್ಕ್ರೂ ತಿರುವಿದರೆ ಫೋನು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ. ಸ್ಕ್ರೂ ಮೇಲೆ ಬೆರಳಿಟ್ಟಾಗ ಮೈಗೆ ಮಷೀನಿನ ನೆನಪು ಬರುತ್ತಿತ್ತು. ತಾಗುವ ಗಳಿಗೆಗೆ ಉಸಿರು ಕಟ್ಟುವುದು ಇಲ್ಲೂ ಒಂದೇ. ಕಲ್ಲುಪ್ಪು, ರಾಗಿ ಕಾಳು, ಜಯಾಳ ಸೂಜಿಯ ಕಣ್ಣು, ಗೋಡೆಯ ಬೂಷ್ಟು, ಸತ್ತ ಜೇನುನೊಣ. ಒಂದು ದಿನ ನನ್ನ ಅಂಗೈಯನ್ನೇ ಇಟ್ಟು ತೆಗೆದೆ. ಉಳುಮೆ ಬಿಟ್ಟ ನೆಲದ ಹಾಗೆ ಬಿರುಕು, ಬಿರುಕಿನೊಳಗೆ ಕಪ್ಪು ಚುಕ್ಕೆಗಳು. ಹೂತುಹೋದ ಕಬ್ಬಿಣದ ಪುಡಿ, ಎಷ್ಟು ವರ್ಷದ್ದೋ. ಸಂಜೆ ಜಯಾಗೆ ತೋರಿಸಿದೆ.

"ಏನ್ರೀ ಇದು, ಯಾವ ಊರಿನ ಕೆರೆ ಒಣಗಿರೋದು?" ಅಂದಳು. ಕೈಯನ್ನು ಮುಂದೆ ಹಿಡಿದೆ. ಅವಳು ಫೋನನ್ನು ಕೆಳಗಿಟ್ಟು ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದಳು.

ಮುನಿರಾಜು ಭಾನುವಾರ ಬರುತ್ತಿದ್ದ. ಬಂದರೆ ಮೋಸಂಬಿಯ ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು, ನನ್ನ ಎಡಗಡೆಗೆ ಕೂರುತ್ತಿದ್ದ. ಬಲಗಡೆಗೆ ಕೂತವನೇ ಅಲ್ಲ. ನನಗೆ ಫೋಟೊದ ಹುಚ್ಚು ಹತ್ತಿದ ಸುದ್ದಿ ಕೇಳಿ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯೊಂದನ್ನು ಎಲ್ಲಿಂದಲೋ ತಂದುಕೊಟ್ಟ. ಅದಕ್ಕೆ ತಕ್ಕ ಹಿತ್ತಾಳೆಯ ಬಳೆಯನ್ನು ಲೇತಿನಲ್ಲಿ ತಾನೇ ಕಡೆದು ತಂದಿದ್ದ. ಫೋನಿಗೆ ಹಾಕಿದರೆ ಅಲುಗಾಡಲಿಲ್ಲ. ಹನಿ ನೀರಿನ ಕಾಲ ಮುಗಿಯಿತು. ಆಮೇಲೆ ವಾರವಾರವೂ ಜೇಬಿನಲ್ಲಿ ಏನಾದರೂ ತರುತ್ತಿದ್ದ. ಲೇತಿನಿಂದ ಸುರುಳಿ ಸುರುಳಿಯಾಗಿ ಬೀಳುವ ಕಬ್ಬಿಣದ ಸಿಪ್ಪೆ, ಬಿಸಿಗೆ ನೀಲಿಯಾದದ್ದು. ನನ್ನ ಮಷೀನಿನ ವೀಲಿನಿಂದ ಉದುರಿದ ಹರಳು. "ನಿನ್ನ ಮಷೀನು ಕೇಳ್ತಾ ಐತೆ ಗುರು, ಎಲ್ಲಿ ಅಂತ," ಅನ್ನುತ್ತಿದ್ದ. ಭೂತಗನ್ನಡಿಯಲ್ಲಿ ಆ ಸಿಪ್ಪೆ ನೀಲಿ ಬೆಟ್ಟದ ಸಾಲಿನಂತೆ ಕಾಣುತ್ತಿತ್ತು. ಅವನು ನೋಡಿ ತಲೆ ಆಡಿಸುತ್ತಿದ್ದ. ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ.

ಭೂತಗನ್ನಡಿ ಬಂದ ಮೇಲೆ ನನಗೆ ಇನ್ನೊಂದು ಯೋಚನೆ ಬಂತು. ಕಣ್ಣಿನ ಬಟ್ಟೆ ಬಿಚ್ಚಿ, ದಿಮ್ಮಿಯ ಮುಂದೆ ಗದ್ದ ಊರಿ ಕೂತು, ಬಲಗಣ್ಣಿನದೇ ಫೋಟೊ ತೆಗೆಸಿದೆ. ಪರದೆ ಆಚೆ ಕಡೆ ಇರುವುದರಿಂದ ಅದನ್ನು ನಾನೇ ತೆಗೆದುಕೊಳ್ಳಲು ಬರುತ್ತಿರಲಿಲ್ಲ. ಜಯಾ ಬಸ್ಸಿಗೆ ಓಡುವ ಮುಂಚೆ ಸ್ಕ್ರೂ ತಿರುವಿ ಒತ್ತಿಕೊಟ್ಟು ಹೋಗುತ್ತಿದ್ದಳು. ಮೊದಲ ದಿನ ಅವಳ ಕೈ ನಡುಗಿ ಚಿತ್ರ ಬರೀ ಮಂಜು. ದಿನ ಕಳೆದಂತೆ ಕಾಣತೊಡಗಿತು. ಕೆಂಪು ನರಗಳ ಜಾಲ, ಕರಿಗುಡ್ಡೆಯ ನಡುವೆ ಬಿಳಿಯ ಚುಕ್ಕೆ. ಅನ್ನದ ಅಗುಳು ಅಂಟಿದ ಹಾಗೆ. ನಿನ್ನೆಯದರ ಪಕ್ಕ ಇವತ್ತಿನದನ್ನು ಇಟ್ಟು ಎಡಗಣ್ಣಿನಿಂದ ನೋಡುತ್ತಿದ್ದೆ. ಕೆಂಪು ಇಳಿಯುತ್ತಿತ್ತು. ಬಿಳಿಯೂ ಇಳಿಯುತ್ತಿದೆ ಅನ್ನಿಸಿತು. ಅಂಚು ಕರಗುತ್ತಿತ್ತು, ಬಣ್ಣ ಮಾಸುತ್ತಿತ್ತು. ವಾರದ ಹಿಂದಿನದಕ್ಕೆ ಹೋಲಿಸಿದರೆ ಸಂಶಯವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಚಿತ್ರ ನೋಡಿ ಚೆನ್ನಾಗಿದೆ ಅಂದರು, ಗಾಯ ಮಾಯುತ್ತಿದೆ ಅಂದರು, ಕಲೆಯ ಬಗ್ಗೆ ಈಗಲೇ ಏನೂ ಹೇಳಲಾಗುವುದಿಲ್ಲ ಅಂದರು. ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಳತೆಯ ಮೇಲೆ ಬದುಕಿದವನು ನಾನು. ನನ್ನ ಕಣ್ಣಿಗೆ ಕಂಡದ್ದನ್ನು ನಂಬುತ್ತೇನೆ.

ನಂಬಿದ್ದು ಯಾವುದನ್ನು ಎಂದು ಆಮೇಲೆ ತಿಳಿಯಿತು. ಆ ಆಷಾಢವೆಲ್ಲ ಮೋಡ ಕವಿದಿತ್ತು. ದಿನದಿಂದ ದಿನಕ್ಕೆ ಬೆಳಕು ಕಡಿಮೆಯಾಗುತ್ತಾ ಬಂದು, ಕಡೆಕಡೆಗೆ ಬೆಳಗ್ಗೆಯೇ ದೀಪ ಹಾಕಬೇಕಾಗುತ್ತಿತ್ತು. ಬೆಳಕು ಸತ್ತಂತೆ ಚಿತ್ರದ ಬಿಳುಪೂ ಸಾಯುತ್ತದೆ.

ಅಷ್ಟರಲ್ಲಿ ಶೆಡ್ಡಿನ ಸುದ್ದಿ ಬರುತ್ತಿತ್ತು. ಪ್ಯಾಕಿಂಗಿನ ಸರೋಜಮ್ಮ ಜಯಾಗೆ ಸಿಕ್ಕಿ ಹೇಳಿದ್ದಳು. ಮುನಿರಾಜು ಈಗ ಯಾರ ಕಣ್ಣನ್ನೂ ಮುಟ್ಟುವುದಿಲ್ಲವಂತೆ. ಯಾರೋ ಚೂರು ಬಿದ್ದು ಹತ್ತಿರ ಹೋದರೆ ಎದ್ದು ಆಚೆ ಹೋದನಂತೆ. "ಕಣ್ ಡಾಕ್ಟ್ರು ರಜಾ" ಎಂದು ಹಿಂದೆ ಯಾರೋ ಕೂಗಿದರಂತೆ. ಊಟದ ಹೊತ್ತಿಗೆ ಒಬ್ಬನೇ ಗೇಟಿನ ಹತ್ತಿರ ಕೂರುತ್ತಾನಂತೆ, ಬುತ್ತಿಯನ್ನು ಅರ್ಧ ನಾಯಿಗೆ ಹಾಕುತ್ತಾನಂತೆ. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಕಣ್ಣು ವಾಸಿಯಾಗುತ್ತಿದೆ, ಇವನು ಯಾಕೆ ಒಣಗುತ್ತಿದ್ದಾನೆ? ಅವನ ಕೈಯಲ್ಲೇ ಒಂದು ಫೋಟೊ ತೆಗೆಸಬೇಕು, ಬಿಳಿ ಕರಗುವುದನ್ನು ಅವನ ಕಣ್ಣಿಗೆ ತೋರಿಸಬೇಕು, ಆಗ ಸರಿಹೋಗುತ್ತಾನೆ ಅಂದುಕೊಂಡೆ. ಫೋನು ಮಾಡಿ ಬಾರೋ ಅಂದೆ.

ಆ ಭಾನುವಾರ ಬಿಸಿಲು ಬಿತ್ತು. ಶ್ರಾವಣದ ಮೊದಲ ಬಿಸಿಲು. ತೊಳೆದ ಪಾತ್ರೆಯ ಹಾಗೆ ಆಕಾಶ. ಜಯಾಗೆ ಓವರ್‌ಟೈಮ್ ಇತ್ತು. ಆಗ ನನ್ನ ಕಣ್ಣು ಬೆಳಕನ್ನು ಸ್ವಲ್ಪ ತಡೆಯುತ್ತಿತ್ತು. ಕಿಟಕಿಯ ಸೀರೆ ಸರಿಸಿ, ದಿಮ್ಮಿಯನ್ನು ಬಿಸಿಲಿನ ಪಕ್ಕಕ್ಕೆ ಎಳೆದು, ಒಳ್ಳೆಯ ಬೆಳಕು ಸಿಕ್ಕಿತೆಂದು ಖುಷಿಪಟ್ಟೆ. ಮುನಿರಾಜು ಬಂದ. ಕೆನ್ನೆ ಒಳಕ್ಕೆ ಹೋಗಿತ್ತು. ವಿಷಯ ಹೇಳಿದೆ.

"ನನ್ ಕೈಯಾಗೆ ಬ್ಯಾಡ ಗುರು. ಅತ್ತಿಗೆ ಬಂದ್ಮೇಲೆ ತೆಗಿಲಿ."

"ಅವಳ ಕೈ ನಡುಗತ್ತೆ ಕಣೋ. ನಿನ್ ಕೈ ನಡುಗಲ್ಲ. ನೋಡು, ವಾಸಿ ಆಗ್ತಾ ಇದೆ. ನೀನೇ ನೋಡ್ಬೇಕು."

ಅವನು ಹಿತ್ತಲಿಗೆ ಹೋದ. ಆಮೇಲೆ ಕೈ ತೊಳೆದುಕೊಂಡು ಬಂದ, ಸೋಪು ಹಾಕಿ. ನಾನು ಗದ್ದ ಊರಿ ಕೂತೆ. ಅವನು ಬಗ್ಗಿದ. ಆ ಚೂರು ತೆಗೆದ ಮೇಲೆ ಮೊದಲ ಸಲ ಅವನು ನನ್ನ ಬಲಗಣ್ಣಿನ ನೇರಕ್ಕೆ ಬಂದದ್ದು. ಬೆಳಕು ತಿವಿಯಿತು, ನೀರು ಬಂತು, ಕಣ್ಣು ಮುಚ್ಚಲಿಲ್ಲ. ಅವನು ಸ್ಕ್ರೂ ತಿರುವುವುದು, ಉಸಿರು ಕಟ್ಟುವುದು ಕೇಳಿಸಿತು. ಕ್ಲಿಕ್ ಆಯಿತು.

ನಾನು ತಿರುಗಿ ಬಂದು ಪರದೆ ನೋಡಿದೆ. ಅಷ್ಟು ಚೊಕ್ಕಟದ ಚಿತ್ರ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಒಂದೊಂದು ರೆಪ್ಪೆಗೂದಲು, ಅದರ ಬುಡ, ಗುಡ್ಡೆಯ ಕಂದು ಎಳೆಗಳು, ಎಲ್ಲವೂ ಕೊರೆದಿಟ್ಟ ಹಾಗೆ. ನಡುವೆ ಬಿಳಿ. ಅದು ಕರಗಿರಲಿಲ್ಲ. ಅಂಚು ಕೂಡ ಮಾಸಿರಲಿಲ್ಲ. ಸುಣ್ಣದ ಹನಿ ಬಿದ್ದು ಗಟ್ಟಿಯಾದಂತೆ, ಮೊದಲು ಎಷ್ಟಿತ್ತೋ ಅಷ್ಟೇ, ನೋಟ ಒಳಗೆ ಹೋಗುವ ದಾರಿಗೆ ಅಡ್ಡವಾಗಿ ಕೂತಿತ್ತು. ಕೆಂಪು ಮಾತ್ರ ಪೂರ್ತಿ ಇಳಿದಿತ್ತು. ಆ ಬಿಳುಪಿಗೆ ಇನ್ನು ಕರಗುವ ಕೆಲಸವಿಲ್ಲ, ಗಾಯ ಮಾಯ್ದು ಕಲೆಯಾಗಿದೆ ಅನ್ನುವುದು ಏಳನೇ ಕ್ಲಾಸಿನವನಿಗೂ ಗೊತ್ತಾಗುವಷ್ಟು ಸ್ಪಷ್ಟವಾಗಿತ್ತು. ಹಿಂದಿನ ಚಿತ್ರಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಮೋಡ, ಮೋಡ, ಮೋಡ.

ಹೊರಗೆ ಯಾರದೋ ಮನೆಯಲ್ಲಿ ಒಗ್ಗರಣೆ ಚಟಪಟ ಅಂದಿತು. ಮುನಿರಾಜು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ನಾನು ಅವನ ಹೆಗಲು ಮುಟ್ಟಿದೆ.

"ನಿನ್ ತಪ್ಪಲ್ಲ ಕಣೋ. ನಾನೇ ಅಲ್ವಾ ಬಂದು ಕೂತಿದ್ದು."

"ತಪ್ಪು ಯಾರದಾದ್ರೇನು ಗುರು," ಅಂದ. "ಕೈ ನಂದು."

ಫೋನನ್ನು ದಿಮ್ಮಿಯ ಮೇಲೆ ಜೋಪಾನವಾಗಿ ಇಟ್ಟ. ಟೀ ಕಾಯಿಸುತ್ತೇನೆ ಅಂದೆ. ನಾನು ಒಲೆ ಹಚ್ಚಿ ಬರುವುದರೊಳಗೆ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆ ಸೇರಿದ್ದ. ಕೂಗಿದೆ. ತಿರುಗಲಿಲ್ಲ. ಆವತ್ತೂ ಮೋಸಂಬಿಯ ಚೀಲ ಹೊಸ್ತಿಲ ಪಕ್ಕ ಇತ್ತು.

ಮುಂದಿನದು ಬೇಗ ಬೇಗ ಆಯಿತು. ಡಾಕ್ಟರಮ್ಮ ಫೋಟೊ ಹೇಳಿದ್ದನ್ನೇ ಮೆತ್ತಗೆ ಹೇಳಿದರು. ಸತ್ತವರು ದಾನ ಕೊಟ್ಟ ಕಣ್ಣಿನ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಹಾಕಿ ನೋಡಬಹುದು, ಕಾಯಬೇಕು, ಆದರೂ ಮೊದಲಿನ ಹಾಗೆ ಆಗುತ್ತದೆಂದು ಮಾತು ಕೊಡುವುದಿಲ್ಲ ಅಂದರು. ಗೌರಿ ಹಬ್ಬ ಕಳೆದ ಮೇಲೆ ಶೆಡ್ಡಿಗೆ ಹೋದೆ. ಮಷೀನು ಆನ್ ಮಾಡಿದೆ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ ಅನ್ನುವುದು ಕೇಳಿ ಗೊತ್ತಿತ್ತು, ನಡೆಯುವಾಗ ಅನುಭವಕ್ಕೂ ಬಂದಿತ್ತು. ವೀಲಿನ ಸಂದಿ ಇನ್ನೂ ಇದೆ ಅಂದುಕೊಂಡು ಇಳಿಸಿದೆ. ಇರಲಿಲ್ಲ. ಕಬ್ಬಿಣ ಕಿರುಚಿ ಎದ್ದು ಹೋಗಿ ಗೋಡೆಯ ತಗಡಿಗೆ ಬಡಿಯಿತು. ಶೆಡ್ಡಿನ ಎಲ್ಲ ಮಷೀನುಗಳೂ ಒಂದೊಂದಾಗಿ ನಿಂತವು. ಓನರ್ ಬಂದು ಹೆಗಲ ಮೇಲೆ ಕೈ ಇಟ್ಟು, "ಸ್ಟೋರ್ಸ್‌ನಲ್ಲಿ ಕೂತ್ಕೊಳ್ಳಿ ನಂಜಣ್ಣ, ಸಂಬಳದ ಯೋಚನೆ ಬೇಡ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನನ್ನ ಮಷೀನಿಗೆ ಇನ್ನೊಬ್ಬ ನಿಲ್ಲುವುದನ್ನು ಕೂತು ನೋಡುವ ಶಕ್ತಿ ನನಗಿಲ್ಲ ಎಂದು ಹೇಳಿ ಬಂದುಬಿಟ್ಟೆ. ಬರುವಾಗ ಪಕ್ಕದ ಲೇತಿನಲ್ಲಿ ಬೇರೆ ಯಾರೋ ಇದ್ದರು. ಮುನಿರಾಜು ಆ ಭಾನುವಾರ ಕಳೆದ ಸೋಮವಾರದಿಂದಲೇ ಬಂದಿಲ್ಲ ಅಂದರು.

ನಾಗಸಂದ್ರದ ಅವನ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲೇ ನಿಂತು, ಅವನು ದಾಬಸ್‌ಪೇಟೆ ಕಡೆ ಗೋಡೌನಿನಲ್ಲಿ ಮೂಟೆ ಎತ್ತುವ ಕೆಲಸಕ್ಕೆ ಹೋಗುತ್ತಾನೆ ಅಂದಳು. ಲೇತ್ ಮುಂದೆ ನಿಂತರೆ ಅಂಥ ಕೈ ಇನ್ನೊಂದಿರಲಿಲ್ಲ. ಈಗ ಮೂಟೆ. ಇನ್ನೊಂದು ಸಲ ಹೋದಾಗ ಒಳಗೆ ಅವನ ಕೆಮ್ಮು ಕೇಳಿಸಿತು. ಅವನು ಮನೆಯಲ್ಲಿಲ್ಲ ಅಂದಳು, ನೆಲ ನೋಡುತ್ತಾ. ಮೂರನೆಯ ಸಲ ನಾನು ಹೋಗಲಿಲ್ಲ. ಅವನಿಗೆ ನನ್ನ ಮುಖವೇ ಶಿಕ್ಷೆ. ಅದನ್ನು ಹೊತ್ತುಕೊಂಡು ಹೋಗಿ ಅವನ ಬಾಗಿಲಲ್ಲಿ ಯಾಕೆ ನಿಲ್ಲಲಿ?

ಈಗ ನಾನು ರಾಜಾಜಿನಗರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟು ನಟ್ಟು ಕೊಡುತ್ತೇನೆ. ಕೈಗೆ ಸಿಕ್ಕರೆ ಅಳತೆ ತಿಳಿಯುತ್ತದೆ, ಕಣ್ಣು ಬೇಕಿಲ್ಲ. ದಾನದ ಕಣ್ಣಿಗೆ ಆಸ್ಪತ್ರೆಯಲ್ಲಿ ಹೆಸರು ಕೊಟ್ಟಿದ್ದೇನೆ, ಇನ್ನೂ ಕರೆ ಬಂದಿಲ್ಲ. ಫೋಟೊ ಮಾತ್ರ ಬಿಟ್ಟಿಲ್ಲ. ಬೆಳಗ್ಗೆ ಮೆಟ್ರೊಗೆ ಹೊರಡುವ ಮುಂಚೆ ದಿಮ್ಮಿಯ ಮುಂದೆ ಏನಾದರೊಂದು ಇಟ್ಟು, ಎಡಗಣ್ಣಿನಿಂದ ಸ್ಕ್ರೂ ತಿರುವುತ್ತೇನೆ. ಯಾತಕ್ಕೆ ಎಂದು ಜಯಾ ಕೇಳುವುದಿಲ್ಲ. ಹಿತ್ತಾಳೆಯ ಬಳೆ ಇನ್ನೂ ಅಲುಗಾಡಿಲ್ಲ.

ಆಗಿನ ಚಿತ್ರಗಳಲ್ಲಿ ಒಂದನ್ನು ಬಿಟ್ಟು ಎಲ್ಲವನ್ನೂ ಅಳಿಸಿದ್ದೇನೆ. ಮೆಟ್ರೊದಲ್ಲಿ ಆ ಮನುಷ್ಯ ಪೀಣ್ಯದಲ್ಲಿ ಇಳಿದು ಹೋದ ಮೇಲೆ, ವಾಸನೆ ಇನ್ನೂ ಕಂಬದ ಹತ್ತಿರ ಇರುವಾಗ, ಅದನ್ನು ತೆಗೆದು ನೋಡಿದೆ. ಆವತ್ತು ಬಿಳಿಯನ್ನೇ ನೋಡುತ್ತಾ ಗಮನಿಸಿರಲಿಲ್ಲ, ಎಷ್ಟೋ ದಿನ ಬಿಟ್ಟು ಕಂಡದ್ದು. ಕಣ್ಣಿನ ಹೊಳಪಿನಲ್ಲಿ, ಕನ್ನಡಿಯಲ್ಲಿ ಬಿದ್ದಂತೆ, ನಮ್ಮ ಕೋಣೆ ಬಿದ್ದಿದೆ. ಕಿಟಕಿ, ಕಿಟಕಿಯ ಬಿಸಿಲು, ಫೋನಿನ ಕಪ್ಪು ಚೌಕ. ಚೌಕದ ಪಕ್ಕದಲ್ಲಿ, ಬಿಳಿಗೆ ತಾಗಿದ ಹಾಗೆ, ರಾಗಿ ಕಾಳಿನಷ್ಟು ಮುನಿರಾಜು. ಬಗ್ಗಿದ್ದಾನೆ. ಕೆನ್ನೆ ಉಬ್ಬಿಸಿ ಉಸಿರು ಕಟ್ಟಿದ್ದಾನೆ. ಇನ್ನೂ ಅವನಿಗೆ ಚಿತ್ರ ಸಿಕ್ಕಿಲ್ಲ. ನಾನು ವಾಸಿಯಾಗುತ್ತಿದೆ ಅಂದ ಮಾತನ್ನು ನಂಬಿಕೊಂಡೇ ನೋಡುತ್ತಿದ್ದಾನೆ. ಮುಖ ಕಾಣಲೆಂದು ಬೆರಳಿನಿಂದ ದೊಡ್ಡದು ಮಾಡುತ್ತೇನೆ. ಒಂದು ಹದದವರೆಗೆ ಬರುತ್ತಾನೆ. ಅದಕ್ಕಿಂತ ಹತ್ತಿರ ಹೋದರೆ ಮುಖ ಒಡೆದು ಚೂರು ಚೂರಾಗುತ್ತದೆ. ಅಲ್ಲಿಗೆ ಬೆರಳು ತೆಗೆದುಬಿಡುತ್ತೇನೆ.